ಪರಿಸರ ಕೇಂದ್ರವಿದೆ, ವಿಭಾಗಗಳು ಮಾತ್ರ ಕೂಡುತ್ತಿಲ್ಲ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಅಂತರಶಿಸ್ತೀಯ ಪರಿಸರ ಅಧ್ಯಯನ ಕೇಂದ್ರ ಕಟ್ಟುವ ಹೊಣೆ ನನ್ನ ಮೇಲೆ ಬಿದ್ದಿದೆ. ಸಭೆಗೆ ರಸಾಯನಶಾಸ್ತ್ರ, ಅರ್ಥಶಾಸ್ತ್ರ, ಕಾನೂನು ವಿಭಾಗದವರೆಲ್ಲ ಬರುತ್ತಾರೆ, ತಲೆಯಾಡಿಸಿ ಹೋಗುತ್ತಾರೆ. ಕೆಲಸ ಮಾತ್ರ ಅಲ್ಲೇ ನಿಂತಿದೆ. ಎಲ್ಲಿಂದ ಶುರು ಮಾಡಲಿ? ಹೊಸ ಪದವಿಯನ್ನೇ ತೆರೆಯಬೇಕೆ?
– ಸಹ ಪ್ರಾಧ್ಯಾಪಕಿ

ಉತ್ತರ: ಸಭೆಗಳಿಗೆ ಸ್ವಲ್ಪ ಕಾಲ ಬಿಡುವು ಕೊಡಿ. ‘ಪರಿಸರ’ ಎಂದು ಕರೆದರೆ ಎಲ್ಲರೂ ಬರುತ್ತಾರೆ, ಆದರೆ ಯಾರಿಗೂ ಮಾಡಲು ಕೆಲಸವಿರುವುದಿಲ್ಲ. ಒಂದು ಕೆರೆಯನ್ನು ಆರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ಇಲ್ಲಿ ಮೀನು ಯಾಕೆ ಸಾಯುತ್ತಿವೆ?

ರಸಾಯನಶಾಸ್ತ್ರದ ವಿದ್ಯಾರ್ಥಿ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುತ್ತಾನೆ. ಬೇಕಾದಷ್ಟಿರುತ್ತದೆ. ಪಾಚಿಗಟ್ಟಿದ ಕೆರೆಯ ಗುಣವೇ ಅದು: ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದೇ ಪಾಚಿಯೂ ತಳದ ಕೊಳೆಯೂ ಸೇರಿ ಅದನ್ನು ಬಳಸಿಬಿಡುತ್ತವೆ. ನಸುಕಿನ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ತೆರೆಯುವುದನ್ನು ಬಲೆ ಹಾಕುವವರು ನೋಡಿರುತ್ತಾರೆ. ಅವರನ್ನು ಮಾತಾಡಿಸಿ ಬಂದ ಸಮಾಜಶಾಸ್ತ್ರದ ವಿದ್ಯಾರ್ಥಿನಿ ತನ್ನ ಟಿಪ್ಪಣಿ ತೋರಿಸಿದರೆ, ಮಾದರಿ ತೆಗೆಯುವ ಸಮಯ ಬೆಳಗಿನ ಜಾವಕ್ಕೆ ಹೋಗುತ್ತದೆ. ಪಾಚಿಯನ್ನು ಬೆಳೆಸುವ ರಂಜಕ, ಸಾರಜನಕ ಬಂದದ್ದು ಚರಂಡಿಯಿಂದಲೋ ಹೊಲದ ಗೊಬ್ಬರದಿಂದಲೋ ಎಂದು ನೋಡಲು ಜಲವಿಜ್ಞಾನಿ ಬೇಕು. ಚರಂಡಿಯನ್ನು ಬೇರೆಡೆ ತಿರುಗಿಸಲು ಯಾರ ಅಪ್ಪಣೆ ಬೇಕೆಂದು ಕಾನೂನಿನವರೇ ಹೇಳಬೇಕು. ಈಗ ಒಬ್ಬೊಬ್ಬರನ್ನೂ ಕರೆಯಲು ನಿಮಗೊಂದು ಕಾರಣವಿದೆ.

ವಿಭಾಗಗಳು ಬೇರೆಬೇರೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ಕೊಳವೆಬಾವಿಗಳನ್ನು ನೋಡಿ. 1970ರ ದಶಕದಿಂದ ಅವನ್ನು ಲಕ್ಷಗಟ್ಟಲೆ ಕೊರೆದದ್ದು ಒಳ್ಳೆಯದಕ್ಕೇ. ಕೊಳದ ನೀರು ಕುಡಿದು ಅತಿಸಾರವಾಗುವುದು ತಪ್ಪಲಿ ಎಂದು. ಎಲ್ಲರ ಗಮನ ರೋಗಾಣುಗಳ ಮೇಲಿತ್ತು. ಮೇಲಿನ ಮಣ್ಣಿನ ಪದರಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿರುವುದು ಅಲ್ಲಿ ಪತ್ತೆಯಾದದ್ದು 1993ರಲ್ಲಿ. ಆಮೇಲೆ ಕೆಟ್ಟ ಬಾವಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಆದರೆ ಹಸಿರು ಬಾವಿ ಬೇರೆಯವರ ಅಂಗಳದಲ್ಲಿದ್ದರೆ ಅಲ್ಲಿಗೆ ಕೊಡ ಹಿಡಿದು ಹೋಗುವುದು ಹೇಗೆ? ಅದಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ.

ಇನ್ನು ನಿಜವಾದ ತೊಡಕಿಗೆ ಬರೋಣ. ನಿಮ್ಮ ಸಹೋದ್ಯೋಗಿಗಳಿಗೆ ಆಸಕ್ತಿಯಿಲ್ಲವೆಂದು ನನಗನ್ನಿಸುವುದಿಲ್ಲ. ಜಂಟಿ ಪ್ರಬಂಧ ಬಡ್ತಿಯ ಲೆಕ್ಕದಲ್ಲಿ ಯಾರಿಗೆ ಸೇರುತ್ತದೆ, ಇಬ್ಬರು ಕೂಡಿ ತೆಗೆದುಕೊಂಡ ತರಗತಿ ಯಾರ ವರ್ಕ್‌ಲೋಡ್‌ಗೆ ಬರುತ್ತದೆ, ಅನುದಾನದ ಉಪಕರಣ ಯಾವ ವಿಭಾಗದ ದಾಸ್ತಾನು ಪುಸ್ತಕಕ್ಕೆ ಏರುತ್ತದೆ? ಇದಕ್ಕೆ ಉತ್ತರವಿಲ್ಲದಿದ್ದಾಗ ಜಾಣರು ತಲೆಯಾಡಿಸಿ ಹೋಗುತ್ತಾರೆ. ನಾನಾದರೂ ಅಷ್ಟೇ ಮಾಡುತ್ತಿದ್ದೆ. ಜಂಟಿ ತರಗತಿಯನ್ನು ಇಬ್ಬರಿಗೂ ಪೂರ್ತಿ ಲೆಕ್ಕ ಹಿಡಿಯುವಂತೆ ಕುಲಪತಿಗಳಿಂದ ಲಿಖಿತ ಆದೇಶ ಪಡೆಯಿರಿ. ಕಟ್ಟಡ, ನಾಮಫಲಕ, ಉದ್ಘಾಟನೆ ಆಮೇಲೆ ಆಗಲಿ. ಅದಕ್ಕೆ ಅತಿಥಿಗಳು ಯಾವಾಗಲೂ ಸಿಗುತ್ತಾರೆ.

ಇದೆಲ್ಲ ಹೊಸ ಫ್ಯಾಷನ್ ಎಂದು ಯಾರಾದರೂ ಮೂಗು ಮುರಿದರೆ, ಜಾರ್ಜಿಯಾದ ಟಿಬಿಲಿಸಿ ನಗರದಲ್ಲಿ ನಡೆದ 1977ರ ಸಮ್ಮೇಳನದಲ್ಲೇ ಯುನೆಸ್ಕೊ ಪರಿಸರ ಶಿಕ್ಷಣ ಅಂತರಶಿಸ್ತೀಯವಾಗಿರಬೇಕು ಎಂದಿತ್ತೆಂದು ನೆನಪಿಸಿ.

ಪದವಿಗೆ ಅವಸರ ಬೇಡ. ಮೊದಲು ಒಂದು ಸೆಮಿಸ್ಟರಿನ ಐಚ್ಛಿಕ ಪತ್ರಿಕೆ ಸಾಕು, ಆದರೆ ಇಬ್ಬರು ಅಧ್ಯಾಪಕರೂ ಒಂದೇ ಹೊತ್ತಿಗೆ ತರಗತಿಯಲ್ಲಿರಬೇಕು. ವಾರ ಬಿಟ್ಟು ವಾರ ಹಂಚಿಕೊಂಡರೆ ಅದು ಎರಡು ಅರೆಬರೆ ಕೋರ್ಸಾಗುತ್ತದೆ. ಅರ್ಥಶಾಸ್ತ್ರಜ್ಞರು ಕೆರೆಗೆ ಬೆಲೆ ಕಟ್ಟುವಾಗ ಜೀವಶಾಸ್ತ್ರದವರು ಎದ್ದು ತಕರಾರು ಮಾಡುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಲಿ. ಪಿಎಚ್‌.ಡಿ. ವಿದ್ಯಾರ್ಥಿಗೆ ಇಬ್ಬರು ಗೈಡ್‌ಗಳಿರಲಿ, ನೋಂದಣಿ ಮಾತ್ರ ಒಂದೇ ವಿಭಾಗದಲ್ಲಿರಲಿ. ನಾಳೆ ಕೆಲಸದ ಸಂದರ್ಶನದಲ್ಲಿ ‘ನಿಮ್ಮ ವಿಷಯ ಯಾವುದು?’ ಎಂದು ಕೇಳಿದಾಗ ಆ ವಿದ್ಯಾರ್ಥಿ ತಡವರಿಸಬಾರದು.