ಕೂದಲು ಹಿಡಿದರೆ ಬಿಡಿಸಿಕೊಳ್ಳುವುದು ಹೇಗೆ?

"ಕೂದ್ಲು ಮತ್ತೆ ಬೆಳಿತೈತಿ ಮೇಡಮ್ಮೋರೆ, ಬೆಲ್ಟ್ ಮತ್ತೆ ಬರ್ತೈತೇನ್ರಿ?"

ನಾನು ಆಪ್ತ ಸಲಹೆಗಾರ್ತಿ. ದಾವಣಗೆರೆ ವಿದ್ಯಾನಗರದ ನನ್ನ ಪುಟ್ಟ ಕೋಣೆಯಲ್ಲಿ ಕೂತು, ಕರಾಟೆ ಕಲಿಯುವ ಹುಡುಗಿಯ ತಾಯಿಯೊಬ್ಬರು ಹೀಗೆ ಕೇಳಿದರು. ಅವರ ಮಾತು ಸರಿಯೆಂದು ನಾನು ತಲೆಯಾಡಿಸಿದೆ. ಪಕ್ಕದಲ್ಲಿ ಮಗಳು ಕೂತಿದ್ದಳು. ನಾನು ತಲೆಯಾಡಿಸಿದ್ದನ್ನು ಅವಳು ನೋಡಿದಳು. ಅದು ನನ್ನನ್ನು ಬಹಳ ದಿನ ಕಾಡಿತು. ಬರೆಯಲು ಅದೂ ಒಂದು ಕಾರಣ.

ಇನ್ನೊಂದು ಕಾರಣ, ಕರಾಟೆಯಂಥ ಕ್ಲಾಸುಗಳಿಂದ ಇಂಥ ಮಕ್ಕಳು ಮತ್ತೆ ಮತ್ತೆ ಬರುತ್ತಿದ್ದಾರೆ. ಕೂದಲಿಗೆ ಬಣ್ಣ ಹಾಕಿದ್ದಕ್ಕೆ ಇಡೀ ಬ್ಯಾಚಿನ ಮುಂದೆ ಬೈಸಿಕೊಂಡ ಹುಡುಗ. ಕೊರಳಿನ ಶಿವದಾರ ತೆಗೆಯದಿದ್ದರೆ ಕ್ಲಾಸಿಗೆ ಬರಬೇಡ ಅನ್ನಿಸಿಕೊಂಡವನು. ದಪ್ಪಗಿದ್ದೀಯ ಎಂದು ದಿನಾ ಕೇಳಿಸಿಕೊಂಡು ರಾತ್ರಿ ಊಟ ಬಿಟ್ಟವಳು. ಊರಲ್ಲಿ ಕರಾಟೆ, ಟೇಕ್ವಾಂಡೊ ಕ್ಲಾಸುಗಳು ಜಾಸ್ತಿಯಾಗಿವೆ. ಸರ್ಕಾರಿ ಹಾಸ್ಟೆಲ್ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಲ್ಲೇ ಆತ್ಮರಕ್ಷಣೆ ಕಲಿಸುತ್ತಾರೆ. ಇದೆಲ್ಲ ಸಂತೋಷದ ವಿಷಯವೇ.

ತಾಯಿಯ ಪಕ್ಕ ಕೂತಿದ್ದ ಆ ಹುಡುಗಿಯನ್ನು ನಿತ್ಯಾ ಅಂತ ಕರೆಯೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ತಾಯಿ ಮಗಳು ಇಬ್ಬರೂ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ವಯಸ್ಸು 17, ಸೆಕೆಂಡ್ ಪಿಯು. ಏಳನೇ ಕ್ಲಾಸಿನಿಂದ ಕರಾಟೆ. ಬ್ರೌನ್ ಬೆಲ್ಟ್ ಆಗಿತ್ತು, ಮುಂದಿನದು ಬ್ಲ್ಯಾಕ್. ಎರಡು ತಿಂಗಳಿಂದ ಕ್ಲಾಸ್ ಇರುವ ದಿನ ಬೆಳಗ್ಗೆಯೇ ಹೊಟ್ಟೆನೋವು ಶುರುವಾಗುತ್ತಿತ್ತು. ಡಾಕ್ಟರು ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ, ಇವಳ ಜೊತೆ ಯಾರಾದರೂ ಕೂತು ಮಾತಾಡಲಿ ಎಂದು ಕಳಿಸಿದ್ದರು.

ವಿಷಯ ಇಷ್ಟು. ಮಾಸ್ಟರ್ ಅವಳಿಗೆ ಬಾಯ್ ಕಟ್ ಮಾಡಿಸಲು ಹೇಳಿದ್ದರು. ಆಮೇಲೆ ಮೂಗುಬೊಟ್ಟು ತೆಗೆಯಲು ಹೇಳಿದರು, ತೆಗೆದಳು. ಒಂದು ದಿನ ಅವಳು ವಾಟ್ಸಾಪ್ ಸ್ಟೇಟಸ್ಸಿಗೆ ಚಿಕ್ಕಪ್ಪನ ಮದುವೆಯ ಫೋಟೋ ಹಾಕಿದ್ದಳು. ಸೀರೆ, ಝುಮಕಿ, ಬಿಟ್ಟ ಕೂದಲು. ಮರುದಿನ ಕ್ಲಾಸಿನಲ್ಲಿ ಎಲ್ಲರ ಮುಂದೆ, "ಫೈಟರ್ ಆಗ್ಬೇಕೋ, ಮದುವೆ ಹೆಣ್ಣಾಗ್ಬೇಕೋ, ಮೊದ್ಲು ಡಿಸೈಡ್ ಮಾಡು" ಅಂದರು. ಕೂದಲು ಕತ್ತರಿಸುವ ತನಕ ಬೆಲ್ಟ್ ಎಕ್ಸಾಮಿಗೆ ಹೆಸರು ಕಳಿಸುವುದಿಲ್ಲ ಅಂತಲೂ ಹೇಳಿದರು.

ಮಾಸ್ಟರ್ ಕೆಟ್ಟ ಮನುಷ್ಯ ಅಂತ ನಾನು ಹೇಳುತ್ತಿಲ್ಲ. ಕೈಲಾಗದ ಮಕ್ಕಳಿಂದ ಫೀಸು ತೆಗೆದುಕೊಳ್ಳುವುದಿಲ್ಲವಂತೆ. ಟೂರ್ನಮೆಂಟಿಗೆ ಕರೆದುಕೊಂಡು ಹೋದರೆ ಮಕ್ಕಳು ಉಂಡ ಮೇಲೆ ತಾವು ಉಣ್ಣುವವರಂತೆ. ಇಂಥ ಸಂದರ್ಭದಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿರುತ್ತವೆ: ಎಲ್ಲಿ ಮುಟ್ಟಿದರು, ಒಬ್ಬಳೇ ಇದ್ದಾಗ ಕರೆದರಾ, ರಾತ್ರಿ ಮೆಸೇಜ್ ಮಾಡುತ್ತಾರಾ. ತಾಯಿಯನ್ನು ಹೊರಗೆ ಕೂರಿಸಿ ಎಲ್ಲವನ್ನೂ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಈ ಲೇಖನ ಬೇರೆಯೇ ಆಗುತ್ತಿತ್ತು. 18 ತುಂಬದ ಮಗುವಿನ ವಿಷಯದಲ್ಲಿ ಪೋಕ್ಸೊ ಕಾಯ್ದೆ ಸುಮ್ಮನಿರಲು ಬಿಡುವುದಿಲ್ಲ.

ಅಂಥದ್ದೇನೂ ಇಲ್ಲ ಎಂದು ಗೊತ್ತಾದ ಕೂಡಲೇ ನಾನು ಹಗುರಾಗಿಬಿಟ್ಟೆ. ನನ್ನ ತಪ್ಪು ಅದೇ. "ಒಂದು ವರ್ಷ ಗಿಡ್ಡ ಮಾಡಿಸ್ಕೊ ಪುಟ್ಟಾ, ಬ್ಲ್ಯಾಕ್ ಬೆಲ್ಟ್ ಬಂದ್ಮೇಲೆ ಬೆಳೆಸ್ಕೊಂಡ್ರಾಯ್ತು" ಅಂದೆ. ನನಗೆ ಅದು ಜಾಣತನದ ಮಾತು ಅನ್ನಿಸಿತ್ತು. ಅವಳು "ಹೂಂ ಮೇಡಂ" ಅಂದಳು. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲಾದರೂ ನನಗೆ ಆ "ಹೂಂ ಮೇಡಂ" ಅರ್ಥವಾಗಬೇಕಿತ್ತು. ಮುಂದಿನ ಸಲ ಬಂದಾಗ ಕೂದಲು ಹಾಗೇ ಇತ್ತು, ಮಾತು ಮಾತ್ರ ನಿಂತಿತ್ತು. ಅರ್ಧ ಗಂಟೆಯೆಲ್ಲ ಪಿಯು ಪರೀಕ್ಷೆಯ ಟೈಮ್‌ಟೇಬಲ್ ಮಾತಾಡಿ ಹೋದಳು.

ಮೂರನೇ ಸಲ ಒಬ್ಬಳೇ ಬಂದಳು. ಕೂತವಳೇ ಕೇಳಿದಳು: "ಮೇಡಂ, ನೀವೂ ಕತ್ತರಿಸ್ಕೊ ಅಂದ್ರಲ್ಲ, ಯಾಕೆ ಅಂದ್ರಿ?"

ಬೆಲ್ಟ್ ಮುಖ್ಯ ಅಲ್ವಾ ಅಂದೆ.

"ಸರ್ ಹಾಗೆ ಹೇಳ್ಲಿಲ್ಲ. ಸರ್ ನನ್ನ ಜಡೆ ಹಿಡಿದು ಎಳೆದ್ರು. ಜೋರಾಗಲ್ಲ, ತೋರ್ಸೋಕೆ. ರೋಡಲ್ಲಿ ಪೋಕರಿಗಳು ಹೀಗೇ ಹಿಡೀತಾರೆ ನೋಡ್ರಿ ಅಂತ ಎಲ್ರಿಗೂ ಹೇಳಿದ್ರು. ಹೌದಲ್ಲ ಅನ್ನಿಸ್ತು. ಹಂಗಾದ್ರೆ ಬಿಡಿಸ್ಕೊಳ್ಳೋದು ಹೇಗೆ ಸರ್ ಅಂತ ಕೇಳ್ದೆ."

"ಏನಂದ್ರು?"

"ಕತ್ತರಿಸ್ಕೊ, ಅಂದ್ರು."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ ಹೇಳಿದಳು: "ಐದು ವರ್ಷ ಕಲ್ತಿದೀನಿ ಮೇಡಂ. ಕೈ ಹಿಡಿದ್ರೆ ಬಿಡಿಸ್ಕೊಳ್ಳೋದು ಗೊತ್ತು. ಕತ್ತು ಹಿಡಿದ್ರೆ ಗೊತ್ತು. ಕೈ ಹಿಡಿತಾರೆ ಅಂತ ಕೈ ಕತ್ತರಿಸ್ಕೊ ಅಂತ ಯಾರೂ ಹೇಳ್ಲಿಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲಾದರೂ ಬಿಡಿಸಿಕೊಳ್ಳಲು ಬರುತ್ತಾ ಅಂದೆ. ಯೂಟ್ಯೂಬ್ ನೋಡಿ ತಂಗಿಯ ಜೊತೆ ಪ್ರಾಕ್ಟೀಸ್ ಮಾಡಿದ್ದೀನಿ, ಹಿಡೀರಿ ಮೇಡಂ ಅಂದಳು. ನಾನು ಎದ್ದು ಹಿಂದಿನಿಂದ ಅವಳ ಜಡೆಯನ್ನು ಬುಡದ ಹತ್ತಿರ ಹಿಡಿದೆ. ಅವಳು ಕಿತ್ತಾಡಲಿಲ್ಲ. ಎರಡೂ ಕೈ ಎತ್ತಿ ನನ್ನ ಮುಷ್ಟಿಯನ್ನು ತನ್ನ ತಲೆಗೇ ಒತ್ತಿ ಹಿಡಿದುಕೊಂಡಳು. ಹಾಗೆ ಒತ್ತಿದರೆ ಎಳೆತ ಬುರುಡೆಗೆ ತಾಗುವುದಿಲ್ಲ, ನೋವು ಇಳಿಯುತ್ತದೆ. ಆಮೇಲೆ ದೂರ ಸರಿಯುವ ಬದಲು ನನ್ನ ಕಡೆಗೇ ಒಂದು ಹೆಜ್ಜೆ ಬಂದು ತಿರುಗಿದಳು. ನನ್ನ ಮಣಿಕಟ್ಟು ತಿರುಚಿಕೊಂಡಿತು. "ಅಯ್ಯೋ, ಬಿಡೇ ಮಾರಾಯ್ತಿ" ಅಂತ ಕೂಗಿದೆ. ಹೊರಗೆ ಕಾಯುತ್ತಿದ್ದ ಮುಂದಿನವರು ಬಾಗಿಲು ತೆರೆದು ನೋಡಿದರು. ನಿತ್ಯಾ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

(ಸಲಹೆಗಾರರು ಹೀಗೆಲ್ಲ ಮಾಡಬಾರದು. ಕಲಿಯುತ್ತಿರುವ ಕಿರಿಯರು ಓದುತ್ತಿದ್ದರೆ ದಯವಿಟ್ಟು ಅನುಸರಿಸಬೇಡಿ. ನನಗೆ ಎರಡು ದಿನ ಕೈ ನೋವಿತ್ತು.)

ಅವತ್ತೇ ನನ್ನ ಹಿಂದಿನ ಸಲಹೆಯನ್ನು ವಾಪಸ್ ತೆಗೆದುಕೊಂಡೆ. ತಪ್ಪು ಹೇಳಿದ್ದೆ ಅಂತ ಅವಳಿಗೆ ನೇರವಾಗಿ ಹೇಳಿದೆ.

ಹಾಗಂತ ಮಾಸ್ಟರ್‌ಗಳು ಏನೂ ಹೇಳಬಾರದು ಅಂತಲ್ಲ. ಆ ವಾರ ವಿಶ್ವ ಕರಾಟೆ ಫೆಡರೇಷನ್‌ನ ಸ್ಪರ್ಧಾ ನಿಯಮಗಳನ್ನು ತೆಗೆದು ಓದಿದೆ. ಉಗುರು ಗಿಡ್ಡ ಇರಬೇಕು. ಎದುರಿನವರಿಗೆ ಗಾಯ ಮಾಡುವ ಲೋಹದ ವಸ್ತು ಇರಬಾರದು. ಕೂದಲು ಶುಚಿಯಾಗಿರಬೇಕು, ಆಟಕ್ಕೆ ಅಡ್ಡಿಯಾಗುವಷ್ಟು ಉದ್ದ ಇರಬಾರದು. ಲೋಹದ ಕ್ಲಿಪ್ಪು ಬೇಡ, ಆದರೆ ರಬ್ಬರ್ ಬ್ಯಾಂಡ್ ಹಾಕಿ ಹಿಂದಕ್ಕೆ ಕಟ್ಟಬಹುದು. ಒಪ್ಪಿಗೆ ಪಡೆದ ಮಾದರಿಯ ತಲೆವಸ್ತ್ರಕ್ಕೂ ಜಾಗ ಇದೆ. ಬಾಯ್ ಕಟ್ ಮಾತು ಎಲ್ಲೂ ಇಲ್ಲ. ನಿತ್ಯಾ ಆಗಲೇ ಫೋನಿನಲ್ಲಿ ಸಾಂದ್ರಾ ಸಾಂಚೆಸ್ ಫೋಟೋ ತೋರಿಸಿದ್ದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆಯ ಮಹಿಳೆಯರ ಕಟಾ (ಎದುರಾಳಿಯಿಲ್ಲದೆ ಒಬ್ಬರೇ ಪಟ್ಟುಗಳನ್ನು ಮಾಡಿ ತೋರಿಸುವ) ವಿಭಾಗದ ಚಿನ್ನ ಗೆದ್ದ ಸ್ಪೇನಿನವರು. ಉದ್ದ ಕೂದಲು, ಹಿಂದಕ್ಕೆ ಬಿಗಿದು ಕಟ್ಟಿದ್ದು.

ನನ್ನ ಲೆಕ್ಕ ಸರಳ. ಎದುರಿನವರಿಗೋ ಅವಳಿಗೋ ಗಾಯವಾಗುತ್ತದೆ ಅಂದರೆ ಮಾಸ್ಟರ್ ಮಾತು ಕೇಳಬೇಕು, ವಾದ ಬೇಡ. ಕತ್ತು ಹಿಡಿಯುವ ಪಟ್ಟು ಕಲಿಸುವಾಗ ಕೊರಳಿನಲ್ಲಿ ದಾರ ಇದ್ದರೆ ಅಪಾಯವೇ. ಅದನ್ನು ಆ ಒಂದು ಗಂಟೆ ಎಲ್ಲಿ, ಹೇಗೆ ಇಡುವುದು ಎಂದು ಮನೆಯವರ ಜೊತೆ ಮಾತಾಡಿ ಗೌರವದಿಂದ ದಾರಿ ಹುಡುಕಬಹುದು. ಆದರೆ ಚಿಕ್ಕಪ್ಪನ ಮದುವೆಯಲ್ಲಿ ಹಾಕಿದ ಝುಮಕಿಯಿಂದ ಯಾರಿಗೆ ಗಾಯ?

ನಿತ್ಯಾಳ ಅಪ್ಪ ಒಂದೇ ಸಲ ಬಂದಿದ್ದರು. ಅವರ ವಾದ ಬೇರೆ. "ನಮ್ಮಜ್ಜ ಗರಡಿ ಆಳು ಮೇಡಂ. ಉಸ್ತಾದ್ರು ಹೇಳಿದ್ರೆ ತಲೆ ಬೋಳಿಸ್ಕೊಂಡು ನಿಲ್ಲೋರು. ಗುರು ಅಂದ್ರೆ ಗುರು." ಈ ಊರಲ್ಲಿ ಈ ಮಾತನ್ನು ತಳ್ಳಿಹಾಕಲಾಗದು. ದಾವಣಗೆರೆಗೆ ಬೆಣ್ಣೆದೋಸೆಯಷ್ಟೇ ಕುಸ್ತಿಯ ಹೆಸರೂ ಇದೆ. ಆದರೆ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಾಡುವವರಿಗೆ ಉದ್ದ ಕೂದಲು ತೊಡಕೇ. ಅಲ್ಲಿ ಕೆಲಸದಲ್ಲೇ ಕಾರಣ ಇತ್ತು. ಈಗಿನದು ತಿಂಗಳಿಗೆ ಫೀಸು ಕೊಟ್ಟು, ವಾರಕ್ಕೆ ಮೂರು ಸಂಜೆ, ಕಟ್ಟಡದ ತಾರಸಿ ಮೇಲೆ ನಡೆಯುವ ಕ್ಲಾಸು. ಕಲಿಸುವುದು ಅಷ್ಟು ಹೊತ್ತು, ಹಿಡಿತ ಮಾತ್ರ ಇಡೀ ದಿನಕ್ಕೆ ಬೇಕು ಅಂದರೆ ಹೇಗೆ?

ಪಾಲಕರಿಗೆ ಕಾಣದ ಇನ್ನೊಂದು ವಿಷಯ ಇದೆ. ಶಾಲೆಯಲ್ಲಿ ಮೇಷ್ಟ್ರು ಮಿತಿ ಮೀರಿದರೆ ಹೆಡ್‌ಮಾಸ್ಟರ್ ಇದ್ದಾರೆ, ಅವರ ಮೇಲೆ ಬಿಇಒ ಇದ್ದಾರೆ. ಇಂಥ ಕ್ಲಾಸಿನಲ್ಲಿ ಕಲಿಸುವವರು, ಎಕ್ಸಾಮಿಗೆ ಕಳಿಸುವವರು, ಟೂರ್ನಮೆಂಟಿಗೆ ಹೆಸರು ಬರೆಯುವವರು ಎಲ್ಲ ಒಬ್ಬರೇ. ಕ್ಲಾಸು ಬದಲಿಸಿದರೆ ಶೈಲಿ ಬೇರೆ, ಸಂಸ್ಥೆ ಬೇರೆ, ಹಳೇ ಬೆಲ್ಟನ್ನು ಒಪ್ಪದೆಯೂ ಇರಬಹುದು. ಅಷ್ಟು ವರ್ಷದ ಶ್ರಮ ಒಬ್ಬರ ಮುಷ್ಟಿಯಲ್ಲಿರುತ್ತದೆ. ಬೇಡ ಅನ್ನಲು ಮಗು ಹೆದರುವುದು ಅದಕ್ಕೇ. ಹೊಟ್ಟೆನೋವು ಸುಮ್ನೆ ಬರಲಿಲ್ಲ.

ಕೊನೆಗೆ ನಾನು ಹೇಳಿದ್ದು ಇಷ್ಟು. ಕ್ಲಾಸಿಗೆ ಬಿಗಿಯಾಗಿ ಹೆಣೆದು ಕಟ್ಟಿಕೊಂಡು ಹೋಗು, ಪಿನ್ನು ಬೇಡ. ಮೂಗುಬೊಟ್ಟು ಆ ಹೊತ್ತಿಗೆ ತೆಗೆದಿಡು. ಸ್ಟೇಟಸ್ ಡಿಲೀಟ್ ಮಾಡಬೇಡ, ಅವರಿಂದ ಮುಚ್ಚಿಡಲೂ ಬೇಡ. ಮುಚ್ಚಿಟ್ಟರೆ ನೀನೇ ತಪ್ಪು ಮಾಡಿದ ಹಾಗಾಗುತ್ತದೆ. ಅಮ್ಮನ ಜೊತೆ ಹೋಗಿ ಒಂದೇ ಪ್ರಶ್ನೆ ಕೇಳು: ಕಟ್ಟಿದ ಕೂದಲಿನಿಂದ ಏನು ತೊಂದರೆ ಸರ್? ಉತ್ತರದಲ್ಲಿ ಕಾರಣ ಇದ್ದರೆ ಒಪ್ಪಿಕೊ. ಬರೀ ಆಜ್ಞೆ ಇದ್ದರೆ ಬೇರೆ ಕ್ಲಾಸು ನೋಡು, ಬೆಲ್ಟ್ ಹೋದರೂ ಪರವಾಗಿಲ್ಲ.

ಆ ಕೊನೇ ಮಾತಿಗೆ ತಾಯಿ ನನ್ನ ಮೇಲೆ ಸಿಟ್ಟಾದರು. ಗುರುವಿನ ವಿರುದ್ಧ ಎತ್ತಿಕಟ್ಟಿದಿರಿ ಅಂದರು. ಮಾಸ್ಟರ್ ಕೂಡ ಫೋನ್ ಮಾಡಿದರು. "ನೀವು ಕರಾಟೆ ಕಲ್ತಿದೀರಾ ಮೇಡಂ?" ಅಂದರು. ಇಲ್ಲ ಅಂದೆ. "ವಿನೇಶ್ ಪೋಗಟ್ ಕೂದ್ಲು ಕತ್ತರಿಸ್ಲಿಲ್ವಾ? ಸಾಧನೆ ಮಾಡೋರು ತ್ಯಾಗ ಮಾಡ್ಬೇಕು." ಕತ್ತರಿಸಿದ್ದು ನಿಜ. 2024ರ ಪ್ಯಾರಿಸ್ ಒಲಿಂಪಿಕ್ಸ್, 50 ಕೆಜಿ ಕುಸ್ತಿ ಫೈನಲ್ಲಿನ ಹಿಂದಿನ ರಾತ್ರಿ. ತೂಕ ಇಳಿಸಲು ಕೂದಲನ್ನೂ ಕತ್ತರಿಸಿದರು, ಆದರೂ ಬೆಳಗ್ಗೆ 100 ಗ್ರಾಂ ಜಾಸ್ತಿ ಬಂತು. ಅಲ್ಲಿ ತಕ್ಕಡಿ ಇತ್ತು ಸರ್, ಇಲ್ಲಿ ಏನಿದೆ ಅಂದೆ. ಅವರು ಒಂದು ಘಟನೆ ಹೇಳಿದರು. ಹಿಂದೊಮ್ಮೆ ಒಬ್ಬ ಹುಡುಗಿಯ ಹೇರ್‌ಪಿನ್ ಇನ್ನೊಬ್ಬಳ ಹಣೆಗೆ ತಾಗಿ ಹೊಲಿಗೆ ಬಿದ್ದಿತ್ತಂತೆ. ಆ ಭಯ ನಿಜವಾದದ್ದು, ಅದನ್ನೇ ಮಕ್ಕಳಿಗೆ ಹೇಳಿ ಅಂದೆ. "ಕ್ಲಾಸಿನಲ್ಲಿ ಎಲ್ಲದಕ್ಕೂ ಕಾರಣ ಹೇಳ್ತಾ ಕೂತ್ರೆ ಶಿಸ್ತು ಉಳಿಯಲ್ಲ ಮೇಡಂ" ಅಂದು ಫೋನ್ ಇಟ್ಟರು.

ನಾನು ಎತ್ತಿಕಟ್ಟಿದೆನಾ? ಬಹಳ ಯೋಚಿಸಿದೆ. ಬಸ್ಸಿನಲ್ಲಿ ಯಾರೋ ಮೈಮೇಲೆ ಬಿದ್ದರೆ ಜೋರಾಗಿ "ಬೇಡ" ಅನ್ನು ಅಂತ ಆತ್ಮರಕ್ಷಣೆಯ ಮೊದಲ ಪಾಠದಲ್ಲೇ ಕಲಿಸುತ್ತಾರೆ. ಅದೇ ಮಗು ತನ್ನ ತಲೆಗೂದಲ ವಿಷಯದಲ್ಲಿ "ಬೇಡ ಸರ್" ಅಂದರೆ ಶಿಸ್ತಿಲ್ಲ ಅನ್ನುತ್ತಾರೆ. ಇವೆರಡನ್ನೂ ಒಂದೇ ತಾರಸಿ ಮೇಲೆ ಕಲಿಸಲು ಆಗುವುದಿಲ್ಲ. ಸಲಹೆ ಕೊಟ್ಟಿದ್ದು ಅದಕ್ಕೆ. ಈಗಲೂ ಅದನ್ನೇ ಕೊಡುತ್ತೇನೆ.

ಬೆಲ್ಟ್ ಎಕ್ಸಾಮಿಗೆ ಹೆಸರು ಹೋಗಲಿಲ್ಲ. ಪಿಯು ಪರೀಕ್ಷೆ ಮುಗಿದ ಮೇಲೆ ನಿತ್ಯಾ ನಿಟ್ಟುವಳ್ಳಿ ಕಡೆ ಬೇರೆ ಕ್ಲಾಸು ಸೇರಿದಳು. ಅಲ್ಲಿ ಹಳೇ ಬೆಲ್ಟ್ ನಡೆಯಲಿಲ್ಲ. ವೈಟ್ ಬೆಲ್ಟ್ ಕಟ್ಟಿಕೊಂಡು ಮೂರನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ನಿಲ್ಲುತ್ತಾಳೆ. ತಾಯಿ ನನ್ನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಮಾರ್ಕೆಟ್ಟಿನಲ್ಲಿ ಸಿಕ್ಕರೆ ನಗುತ್ತಾರೆ, ನಿಲ್ಲುವುದಿಲ್ಲ.

ಹೊಸ ಮಾಸ್ಟರ್ ಹೇಗೆ ಅಂತ ಕೊನೆಯ ಭೇಟಿಯಲ್ಲಿ ಕೇಳಿದೆ.

"ಮೊದಲ ದಿನಾನೇ ವಾಪಸ್ ಕಳಿಸಿದ್ರು ಮೇಡಂ."

ನನ್ನ ಎದೆ ಧಸಕ್ಕೆಂದಿತು. ಯಾಕೆ ಅಂದೆ.

"ಉಗುರು ಕತ್ತರಿಸ್ಕೊಂಡು ಬಾ ಅಂದ್ರು."

"ಬೇಜಾರಾಯ್ತಾ?"

ಎರಡೂ ಕೈ ಚಾಚಿ ಬೆರಳು ತೋರಿಸಿದಳು. "ಇಲ್ಲ ಮೇಡಂ. ನಿಜವಾಗ್ಲೂ ಉದ್ದ ಇತ್ತು."