ಕಿವಿ ಸೂಕ್ಷ್ಮ ಇರುವವರಿಗೆ ಯಾವ ಸ್ಟೀರಿಯೊ ಸ್ಪೀಕರ್ ಹಿತ?

ಪಿಟೀಲು ತಾರಸ್ಥಾಯಿಗೆ ಹೋದರೆ, ಗಾಯಕಿ ದನಿ ಏರಿಸಿದರೆ ಕಿವಿ ಚುಚ್ಚುತ್ತದೆ, ಅರ್ಧ ಗಂಟೆಗೆ ತಲೆ ಭಾರವಾಗುತ್ತದೆ, ಟ್ರೆಬಲ್ ಇಳಿಸಿದರೂ ಕಡಿಮೆಯಾಗಿಲ್ಲ ಎಂದಿದ್ದೀರಿ. ಬೆಂಗಳೂರಿನ ಅಪಾರ್ಟ್‌ಮೆಂಟು, 12ಕ್ಕೆ 11 ಅಡಿ ಕೋಣೆ, ವಿಟ್ರಿಫೈಡ್ ಟೈಲ್ಸ್ ನೆಲ, ಒಂದು ಕಡೆ ಗಾಜಿನ ಸ್ಲೈಡಿಂಗ್ ಬಾಗಿಲು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ವಿವರದಲ್ಲೇ ಇದೆ.

ನಿಮ್ಮನ್ನು ಕಾಡುತ್ತಿರುವುದು ಬಹುಶಃ ಟ್ರೆಬಲ್ ಅಲ್ಲ. ಟ್ರೆಬಲ್ ನಾಬ್ ಹೆಚ್ಚಾಗಿ 10 ಕಿಲೋಹರ್ಟ್ಸ್ (ಸೆಕೆಂಡಿಗೆ 10,000 ಕಂಪನ) ಆಸುಪಾಸನ್ನು ಹಿಡಿಯುತ್ತದೆ. ಚುಚ್ಚುವ ಭಾಗ 2ರಿಂದ 5 ಕಿಲೋಹರ್ಟ್ಸ್. ಕಿವಿಯ ನಾಳವೇ 3 ಕಿಲೋಹರ್ಟ್ಸ್ ಸುಮಾರಿಗೆ ಅನುರಣಿಸುವುದರಿಂದ ಅಲ್ಲಿನ ಸ್ವಲ್ಪ ಹೆಚ್ಚಳವೂ ಎಲ್ಲರಿಗೂ ಜೋರಾಗಿ ಕೇಳುತ್ತದೆ, ಸೂಕ್ಷ್ಮ ಕಿವಿಗೆ ನೋವೇ ಆಗುತ್ತದೆ. ಹಾಗಾಗಿ ನಾಬ್ ತಿರುಗಿಸಿದರೆ ಹಾಡು ಮಂಕಾಗುತ್ತದೆ, ಚುಚ್ಚುವುದು ಮಾತ್ರ ನಿಲ್ಲುವುದಿಲ್ಲ.

ಟ್ವೀಟರ್ (ಮೇಲಿನ ದನಿ ನುಡಿಸುವ ಪುಟ್ಟ ಘಟಕ) ಸಿಲ್ಕ್ ಡೋಮ್ ಆದರೆ ಮೃದು, ಮೆಟಲ್ ಡೋಮ್ ಆದರೆ ಕರ್ಕಶ ಎಂಬ ಮಾತನ್ನು ಅಂಗಡಿಯಲ್ಲಿ ಖಂಡಿತ ಕೇಳುತ್ತೀರಿ. ಪೂರ್ತಿ ಸುಳ್ಳಲ್ಲ, ಆದರೆ ಮೆಟಲ್ ಡೋಮ್‌ನ ಅನುರಣನ ಸಾಮಾನ್ಯವಾಗಿ 20 ಕಿಲೋಹರ್ಟ್ಸ್ ಮೇಲಿರುತ್ತದೆ, ನಮ್ಮ ಕಿವಿಗೆ ಎಟುಕುವುದಿಲ್ಲ. ನಿಜವಾಗಿ ನೋಡಬೇಕಾದದ್ದು ಸ್ಪೀಕರ್ ಪಕ್ಕಕ್ಕೆ ಏನು ಎರಚುತ್ತದೆ ಎಂಬುದನ್ನು. ಆರೂವರೆ ಇಂಚಿನ ವೂಫರ್ (ಕೆಳಗಿನ, ಮಧ್ಯದ ದನಿ ನುಡಿಸುವ ದೊಡ್ಡ ಘಟಕ) 2.5 ಕಿಲೋಹರ್ಟ್ಸ್ ತಲುಪುವ ಹೊತ್ತಿಗೆ ಶಬ್ದವನ್ನು ಟಾರ್ಚ್ ಬೆಳಕಿನಂತೆ ನೇರಕ್ಕೆ ಕಳಿಸುತ್ತಿರುತ್ತದೆ. ಅಲ್ಲಿಂದ ಮುಂದೆ ಟ್ವೀಟರ್ ಶುರುವಾಗಿ ಒಮ್ಮೆಲೇ ಅಗಲಕ್ಕೆ ಹರಡುತ್ತದೆ. ಎದುರಿಗೆ ಕೂತು ಕೇಳಿದರೆ ಸರಿ ಇರುತ್ತದೆ, ಪಕ್ಕಕ್ಕೆ ಮಾತ್ರ 3–4 ಕಿಲೋಹರ್ಟ್ಸ್ ಹೆಚ್ಚಾಗಿ ಹೋಗುತ್ತದೆ, ನಿಮ್ಮ ಬೋಳುಗೋಡೆ ಅದನ್ನು ಹಾಗೇ ಕಿವಿಗೆ ವಾಪಸ್ ಎಸೆಯುತ್ತದೆ. ಆ ಕೋಣೆಗೆ ಐದಿಂಚಿನ ವೂಫರ್ ಸಾಕು, ಅದೇ ಒಳ್ಳೆಯದು. ಟ್ವೀಟರ್ ಸುತ್ತ ತಟ್ಟೆಯಂಥ ತಗ್ಗು ಇರುವ ವಿನ್ಯಾಸ ಚೆನ್ನಾಗಿ ಮಾಡಿದ್ದರೆ ಅದೂ ಸರಿ.

ಷೋರೂಮಿನಲ್ಲಿ ಹೀಗೆ ಪರೀಕ್ಷಿಸಿ: ಸ, ಶ, ಚ ಹೆಚ್ಚಿರುವ ಭಾವಗೀತೆ ಹಾಕಿಸಿ, ಎದ್ದು 45 ಡಿಗ್ರಿ ಪಕ್ಕಕ್ಕೆ ನಡೆಯಿರಿ. ದನಿ ಬರೀ ಮಸುಕಾದರೆ ಸರಿ. ಬಣ್ಣ ಬದಲಾಗಿ ತಗಡಿನಂತಾದರೆ ಬಿಟ್ಟುಬಿಡಿ. ಎರಡು ಜೋಡಿ ಹೋಲಿಸುವಾಗ ಶಬ್ದದ ಮಟ್ಟ ಒಂದೇ ಇರಲಿ, ಫೋನಿನ ಸೌಂಡ್ ಮೀಟರ್ ಆ್ಯಪ್ ಸಾಕು. 1 ಡೆಸಿಬಲ್ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಐದು ನಿಮಿಷ ಕೇಳಿ ತೀರ್ಮಾನಿಸಬೇಡಿ, ಸುಸ್ತು ತಿಳಿಯುವುದು ನಲವತ್ತನೇ ನಿಮಿಷಕ್ಕೆ.

ಹೆಸರು ಬೇಕೆಂದರೆ: ವಾರ್ಫ್‌ಡೇಲ್ ಡೈಮಂಡ್ 12.1 (130 ಮಿ.ಮೀ. ವೂಫರ್, 25 ಮಿ.ಮೀ. ಬಟ್ಟೆ ಡೋಮ್), ಕ್ಯೂ ಅಕೌಸ್ಟಿಕ್ಸ್ 3020ಐ, ಡಾಲಿ ಒಬೆರಾನ್ 1. ಮೂರರಲ್ಲಿ ನಾನು ಮೊದಲು ಕೇಳಿ ಅನ್ನುವುದು ವಾರ್ಫ್‌ಡೇಲ್. ಹಿತವಾದ ದನಿಗೆ ವಾರ್ಮ್ ಅನ್ನುತ್ತಾರೆ, ಅಂದರೆ 100–250 ಹರ್ಟ್ಸ್ ತುಸು ತುಂಬಿಕೊಂಡಿರುವುದು: ತಂಬೂರಿಯ ಮಂದ್ರ, ಮೃದಂಗದ ಎಡಗಡೆ. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಮಾಡಿದ ಪುಟ್ಟ ಎಲ್‌ಎಸ್3/5ಎ ಸ್ಪೀಕರ್ ಇಂದಿಗೂ ಹಿತ ಅನಿಸುವುದಕ್ಕೆ ಈ ತುಂಬುತನವೂ ಒಂದು ಕಾರಣ. ಅತಿಯಾದರೆ ಕೋಣೆಯೆಲ್ಲ ಗುಂಯ್ ಅನ್ನುತ್ತದೆ. ಹಿಂಗೋಡೆಯಿಂದ 25–30 ಸೆಂ.ಮೀ. ಇಟ್ಟು ಶುರು ಮಾಡಿ. ಮುಖ ನಿಮ್ಮ ಕಡೆ ತಿರುಗಿಸದೆ ನೇರ ಇಡಿ, ಮೇಲಿನ ಶ್ರುತಿಗಳು ಕೆಲವು ಡೆಸಿಬಲ್ ತಾನಾಗಿ ಇಳಿಯುತ್ತವೆ. ಡಾಲಿ ಕಂಪನಿ ತನ್ನ ಸ್ಪೀಕರ್‌ಗಳನ್ನು ಹೀಗೇ ಇಡಲು ಹೇಳುತ್ತದೆ.

ದುಡ್ಡು ಕೊಡುವ ಮುಂಚೆ ಈಗಿರುವ ಸ್ಪೀಕರಿನಲ್ಲೇ ಒಂದು ಪ್ರಯೋಗ ಮಾಡಿ. ಕೋಣೆಯ ಮಧ್ಯೆ ನಿಂತು ಚಪ್ಪಾಳೆ ತಟ್ಟಿ. ಟ್ರಿಂಗ್ ಎಂದು ತಂತಿ ಮೀಟಿದಂತೆ ಬಾಲ ಉಳಿದರೆ ಗೋಡೆಗಳದ್ದೇ ತಕರಾರು. ನೀವು ಕೂತಲ್ಲಿಂದ ಪಕ್ಕದ ಗೋಡೆ ಮೇಲೆ ಕನ್ನಡಿ ಸರಿಸುತ್ತಾ ಹೋಗಲು ಯಾರಿಗಾದರೂ ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಮಂಚದ ಹತ್ತಿ ಹಾಸಿಗೆಯನ್ನು ಒರಗಿಸಿ. ಗಾಜಿನ ಬಾಗಿಲ ಮುಂದೆಯೂ ಹಾಗೇ. ಅದೇ ಹಾಡನ್ನು ಮತ್ತೆ ಹಾಕಿ. ಚುಚ್ಚುವುದು ಅರ್ಧ ಇಳಿದರೆ ಅಲ್ಲಿಗೆ 4ಕ್ಕೆ 2 ಅಡಿಯ, 50 ಮಿ.ಮೀ. ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಪ್ಯಾನೆಲ್ ಬಟ್ಟೆ ಸುತ್ತಿ ಹಾಕಿಸಿ, ಗಾಜಿಗೆ ಎರಡರಷ್ಟು ಅಗಲದ, ನೆರಿಗೆ ಬೀಳುವ ದಪ್ಪ ಪರದೆ. ಒಂದಿಂಚಿನ ಫೋಮ್, ತೆಳು ಜಮಖಾನ ಬೇಡ. ಅವು ಮೇಲಿನದ್ದನ್ನಷ್ಟೇ ಹೀರುತ್ತವೆ, ಅದರ ಕೆಳಗಿನದ್ದು ಬಹಳಷ್ಟು ಹಾಗೇ ಉಳಿಯುತ್ತದೆ.

ಮೆಲ್ಲಗೆ ಕೇಳುವವರಿಗೆ ಇನ್ನೊಂದು ತೊಂದರೆ: ಶಬ್ದ ಇಳಿಸಿದಷ್ಟೂ ಕಿವಿಗೆ ಬೇಸ್ ಕಡಿಮೆ ಕೇಳಿ, ಹಾಡು ತೆಳ್ಳಗಾಗುತ್ತದೆ. ಯಮಾಹಾ ಎ-ಎಸ್301ರಂಥ ಆಂಪ್ಲಿಫೈಯರಿನಲ್ಲಿ ತಿರುಗಿಸುವ ಲೌಡ್‌ನೆಸ್ ನಾಬ್ ಇದೆ. ಅದನ್ನು ಫ್ಲಾಟ್‌ನಲ್ಲಿಟ್ಟು ನೀವು ಕೇಳುವ ಅತಿ ಜೋರಿನ ಮಟ್ಟಕ್ಕೆ ವಾಲ್ಯೂಮ್ ಹೊಂದಿಸಿ, ಆಮೇಲೆ ಲೌಡ್‌ನೆಸ್ ನಾಬ್‌ನಿಂದಲೇ ಇಳಿಸುತ್ತಾ ಬನ್ನಿ. ಆಗ ಮಧ್ಯದ ಭಾಗ ಮೊದಲು ತಗ್ಗುತ್ತದೆ, ನಿಮಗೆ ಬೇಕಾದದ್ದೂ ಅದೇ.

ಪಾತ್ರೆ ತಟ್ಟಿದ ಸದ್ದು, ಬಸ್ಸಿನ ಹಾರ್ನ್ ಕೂಡ ನೋವು ಕೊಡುತ್ತಿದ್ದರೆ, ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ ದಯವಿಟ್ಟು ಸ್ಪೀಕರ್ ಖರೀದಿ ಮುಂದೂಡಿ, ಇ.ಎನ್.ಟಿ. ವೈದ್ಯರನ್ನೂ ಆಡಿಯಾಲಜಿಸ್ಟ್‌ರನ್ನೂ ನೋಡಿ.

ಇಷ್ಟೆಲ್ಲ ಮಾಡಿಯೂ ಚೂರು ಉಳಿದರೆ, ನಿಮ್ಮ ಸ್ಪೀಕರ್ ಹಿಂದೆ ನಾಲ್ಕು ಟರ್ಮಿನಲ್ ಇದ್ದರೆ, ಡಬ್ಬಿ ಬಿಚ್ಚದೆ ಮಾಡುವ ಉಪಾಯವಿದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ 1 ಓಮ್, 10 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್ (ವಿದ್ಯುತ್ತನ್ನು ತುಸು ತಡೆಯುವ ಪುಟ್ಟ ಭಾಗ) ಎರಡು ತನ್ನಿ. ಆಂಪ್ಲಿಫೈಯರ್ ಆಫ್ ಮಾಡಿ. ವೈರನ್ನು ವೂಫರ್ ಜೋಡಿಗೆ ಹಾಕಿ, ಎರಡು ಕೆಂಪು ಟರ್ಮಿನಲ್‌ಗಳನ್ನು ಕೂಡಿಸುವ ಲೋಹದ ಪಟ್ಟಿ ತೆಗೆದು ಆ ಜಾಗಕ್ಕೆ ರೆಸಿಸ್ಟರ್ ಬಿಗಿಯಿರಿ, ಕಪ್ಪು ಪಟ್ಟಿ ಹಾಗೇ ಇರಲಿ. 8 ಓಮ್ ಟ್ವೀಟರ್ ಆದರೆ ಅದರ ದನಿ ಸುಮಾರು 1 ಡೆಸಿಬಲ್ ಇಳಿಯುತ್ತದೆ. ಸಾಲದಿದ್ದರೆ 1.5 ಓಮ್ ಹಾಕಿ. ಅದಕ್ಕೂ ಮೇಲೆ ಹೋದರೆ ತಂಬೂರಿಯ ಝೇಂಕಾರವೇ ಸತ್ತುಹೋಗುತ್ತದೆ.