ಕಮ್ಯುನಿಟಿ ಕಾಲೇಜಿನ ಎರಡು ವರ್ಷ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಈ ವರ್ಷ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದು ತೇರ್ಗಡೆಯಾಗಿದ್ದಾಳೆ. ಕಂಪ್ಯೂಟರ್ ಸೈನ್ಸ್ ಓದಬೇಕೆಂಬುದು ಅವಳ ಆಸೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮ, ಅಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋದರೆ ಖರ್ಚು ಬಹಳ ಕಡಿಮೆ ಎನ್ನುತ್ತಾನೆ. ಊರಿನ ಕೆಲವರು ಅದು ಕಾಲೇಜೇ ಅಲ್ಲ ಎನ್ನುತ್ತಾರೆ. ಅಡಿಕೆ ತೋಟವೇ ನಮಗೆ ಆಧಾರ. ಅವಳು ಕೋರ್ಸುಗಳನ್ನು ಹೇಗೆ ಆರಿಸಿಕೊಳ್ಳಬೇಕು?
– ಓದುಗರು, ಶಿರಸಿ

ಉತ್ತರ: ಊರಿನವರ ಮಾತಿಗೆ ಹೆದರಬೇಡಿ. ಅಮೆರಿಕದ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂದು ಇಂಥ 116 ಕಾಲೇಜುಗಳಿವೆ. ನಮ್ಮಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ನೇರವಾಗಿ ಸೇರುತ್ತಾರಲ್ಲ, ಇದೂ ಸುಮಾರಾಗಿ ಅದೇ ಬಗೆಯ ದಾರಿ. ಆದರೆ ಡಿಪ್ಲೊಮಾದಲ್ಲಿ ಯಾವ ಸೆಮಿಸ್ಟರಿಗೆ ಯಾವ ವಿಷಯ ಎಂಬುದು ಮೊದಲೇ ಗೊತ್ತಾಗಿರುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು, ಮತ್ತು ಆಯ್ಕೆ ತಪ್ಪಿದರೆ ಅದು ತಿಳಿಯುವುದು ಬಹಳ ತಡವಾಗಿ.

ಕೆಲವು ವರ್ಷಗಳ ಹಿಂದೆ ಕುಮಟಾದ ಹುಡುಗನೊಬ್ಬ ರಜೆಯಲ್ಲಿ ಬಂದವನು ತನ್ನ ಅಂಕಪಟ್ಟಿಯನ್ನು ನನ್ನ ಮುಂದಿಟ್ಟಿದ್ದ. 64 ಯೂನಿಟ್‌ಗಳು (ಕೋರ್ಸಿನ ತೂಕವನ್ನು ಅಳೆಯುವ ಕ್ರೆಡಿಟ್‌ಗಳು) ಮುಗಿದಿದ್ದವು, ಒಂದರಲ್ಲೂ ಅನುತ್ತೀರ್ಣನಾಗಿರಲಿಲ್ಲ. ಆದರೆ ಅವನು ಓದಿದ ಭೌತಶಾಸ್ತ್ರ ಬೀಜಗಣಿತದ ಆಧಾರದ್ದು. ಇಂಜಿನಿಯರಿಂಗ್ ವಿಭಾಗಕ್ಕೆ ಬೇಕಾಗಿದ್ದುದು ಕಲನಶಾಸ್ತ್ರದ, ಅಂದರೆ ಕ್ಯಾಲ್ಕುಲಸ್‌ನ, ಆಧಾರದ್ದು. ಕಾಲೇಜಿನ ಪಟ್ಟಿಯಲ್ಲಿ ಎರಡಕ್ಕೂ ಫಿಸಿಕ್ಸ್ ಎಂದೇ ಹೆಸರು, ಬೇರೆಯಾಗಿದ್ದುದು ಮುಂದಿನ ಸಂಖ್ಯೆ ಮಾತ್ರ. ಆ ಒಂದು ಸಂಖ್ಯೆಗಾಗಿ ಅವನು ಮತ್ತೊಂದು ವರ್ಷ ಅಲ್ಲಿಯೇ ಕುಳಿತು ಓದಬೇಕಾಯಿತು.

ಆದ್ದರಿಂದ ನಿಮ್ಮ ಮಗಳು ಮೊದಲು ಆರಿಸಬೇಕಾದದ್ದು ಮೂರನೆಯ ವರ್ಷಕ್ಕೆ ಸೇರಲಿರುವ ವಿಶ್ವವಿದ್ಯಾಲಯವನ್ನು. ಕಾಲೇಜಿನ ಕೋರ್ಸುಗಳನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಗೊತ್ತುಮಾಡಬೇಕು. ಇದಕ್ಕಾಗಿಯೇ ಆ ರಾಜ್ಯದಲ್ಲಿ ‘ಅಸಿಸ್ಟ್’ ಎಂಬ ಸಾರ್ವಜನಿಕ ಜಾಲತಾಣವಿದೆ. ಅದರಲ್ಲಿ ಕಾಲೇಜು, ವಿಶ್ವವಿದ್ಯಾಲಯ ಮತ್ತು ಮುಖ್ಯ ವಿಷಯವನ್ನು ಆರಿಸಿದರೆ, ಎಡಗಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸು, ಬಲಗಡೆ ಅದಕ್ಕೆ ಸಮನಾದ ಕಾಲೇಜಿನ ಕೋರ್ಸು ಕಾಣಿಸುತ್ತದೆ. ಸಮನಾದದ್ದು ಇಲ್ಲದಿದ್ದರೆ ಇಲ್ಲವೆಂದೇ ಬರೆದಿರುತ್ತದೆ. ಇಷ್ಟವಾದ ಮೂರು ನಾಲ್ಕು ವಿಶ್ವವಿದ್ಯಾಲಯಗಳ ಪಟ್ಟಿಗಳನ್ನು ಮುದ್ರಿಸಿಕೊಂಡು, ಎಲ್ಲದರಲ್ಲೂ ಬರುವ ಕೋರ್ಸುಗಳಿಗೆ ಗುರುತು ಹಾಕಿಕೊಳ್ಳಲಿ.

ಬಳಿಕ ಒಂದು ಹಾಳೆಯಲ್ಲಿ ನಾಲ್ಕು ಸೆಮಿಸ್ಟರುಗಳಿಗೆ ನಾಲ್ಕು ಅಂಕಣ ಎಳೆದು, ಗಣಿತವನ್ನು ಎಲ್ಲಕ್ಕಿಂತ ಮೊದಲು ತುಂಬಲಿ. ಮೊದಲ ಕ್ಯಾಲ್ಕುಲಸ್ ಮುಗಿಯದೆ ಎರಡನೆಯದಿಲ್ಲ. ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಆಧಾರದ ಭೌತಶಾಸ್ತ್ರ ಇವೆಲ್ಲ ಅದರ ಬಾಲ ಹಿಡಿದೇ ಬರುತ್ತವೆ. ಅಲ್ಲಿಯವರು ಪಿಯುಸಿಯನ್ನು ಹೈಸ್ಕೂಲಿನ ಕೊನೆಯೆಂದೇ ಎಣಿಸುತ್ತಾರೆ. ಆದರೆ ನಮ್ಮ ದ್ವಿತೀಯ ಪಿಯುಸಿ ಗಣಿತದಲ್ಲಿ ಅವಕಲನ, ಅನುಕಲನ ಎರಡೂ ಇರುವುದರಿಂದ, ಅಂಕಪಟ್ಟಿಯ ಜೊತೆಗೆ ಪಠ್ಯಕ್ರಮದ ಪ್ರತಿಯನ್ನೂ ಒಯ್ದು, ಮೊದಲ ಸೆಮಿಸ್ಟರಿನಲ್ಲೇ ಕ್ಯಾಲ್ಕುಲಸ್‌ಗೆ ಸೇರಿಸಿಕೊಳ್ಳುವಂತೆ ಕೌನ್ಸೆಲರ್ ಬಳಿ ಕೇಳಬೇಕು. ಒಂದು ಮೆಟ್ಟಿಲು ಕೆಳಗಿನಿಂದ ಆರಂಭಿಸಿದರೆ ಇಡೀ ಸರಪಳಿಯೇ ಒಂದು ಸೆಮಿಸ್ಟರ್ ಹಿಂದೆ ಬೀಳುತ್ತದೆ. ಇಂಗ್ಲಿಷ್, ಇತಿಹಾಸದಂಥ ಸಾಮಾನ್ಯ ವಿಷಯಗಳನ್ನು ಉಳಿದ ಜಾಗದಲ್ಲಿ ಹೊಂದಿಸಬಹುದು.

ಕಮ್ಯುನಿಟಿ ಕಾಲೇಜು ಕೊಡುವ ಎರಡು ವರ್ಷದ ಅಸೋಸಿಯೇಟ್ ಪದವಿಗೆ ಸಾಮಾನ್ಯವಾಗಿ 60 ಯೂನಿಟ್ ಬೇಕು, ಅಂದರೆ ಸೆಮಿಸ್ಟರಿಗೆ 15. ವಿದೇಶಿ ವಿದ್ಯಾರ್ಥಿಗಳ ಎಫ್-1 ವೀಸಾ ಕೇಳುವುದು ಕನಿಷ್ಠ 12 ಅಷ್ಟೇ. 12ರಂತೆ ನಾಲ್ಕು ಸೆಮಿಸ್ಟರ್ ಓದಿದರೆ 48 ಆಗಿ, 12 ಯೂನಿಟ್ ಕೊರತೆ ಬೀಳುತ್ತದೆ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು (ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್) ತಮ್ಮ ನಿಯಮ ಪೂರೈಸಿದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಿಗೆ ಪ್ರವೇಶದ ಖಾತರಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲಿಸ್, ಸಾನ್ ಡಿಯಾಗೊ ಆ ಪಟ್ಟಿಯಲ್ಲಿಲ್ಲ, ಮತ್ತು ಕೆಲವು ಕ್ಯಾಂಪಸ್‌ಗಳು ಕಂಪ್ಯೂಟರ್ ಸೈನ್ಸನ್ನು ಖಾತರಿಯಿಂದ ಹೊರಗಿಟ್ಟಿವೆ. ಇದರ ಅರ್ಜಿ ಸಲ್ಲಿಸುವುದು ಸೆಪ್ಟೆಂಬರ್ ತಿಂಗಳಲ್ಲಿ. ನಿಮ್ಮ ಮಗಳು ಆಗಸ್ಟ್‌ನಲ್ಲಿ ಸೇರಿದರೆ, ಮರುವರ್ಷ ಅರ್ಜಿ ಬರೆಯುವಾಗ ಅವಳ ಕೈಯಲ್ಲಿರುವುದು ಮೊದಲ ವರ್ಷದ ಗ್ರೇಡುಗಳು ಮಾತ್ರ. ಹೊಸ ದೇಶಕ್ಕೆ ಹೊಂದಿಕೊಳ್ಳಲು ಮೊದಲ ಸೆಮಿಸ್ಟರನ್ನು ಹಗುರವಾಗಿ ಕಳೆಯೋಣ ಎಂಬ ಎಣಿಕೆಯನ್ನು ನಾನು ಒಪ್ಪದಿರುವುದು ಇದಕ್ಕೇ.

ಇನ್ನು ಖರ್ಚಿನ ಮಾತು. ನಿಮ್ಮ ತಮ್ಮನವರು ಹೇಳುತ್ತಿರುವುದು ಬಹುಶಃ ರಾಜ್ಯದ ನಿವಾಸಿಗಳು ಕೊಡುವ, ಯೂನಿಟ್‌ಗೆ 46 ಡಾಲರ್ ಶುಲ್ಕವನ್ನು. ಎಫ್-1 ವಿದ್ಯಾರ್ಥಿಗಳು ಅದರ ಮೇಲೆ ಅನಿವಾಸಿ ಶುಲ್ಕವನ್ನೂ ಕಟ್ಟಬೇಕು. ಅನೇಕ ಕಾಲೇಜುಗಳಲ್ಲಿ ಅದು ಯೂನಿಟ್‌ಗೆ 300 ಡಾಲರ್ ದಾಟುತ್ತದೆ. ಅಲ್ಲಿಗೆ 60 ಯೂನಿಟ್‌ಗಳ ಶುಲ್ಕವೇ 20,000 ಡಾಲರಿಗೆ ಮೇಲಾಯಿತು; ಊಟ, ವಸತಿ, ವಿಮೆ ಬೇರೆ. ನೇರವಾಗಿ ವಿಶ್ವವಿದ್ಯಾಲಯ ಸೇರುವುದಕ್ಕಿಂತ ಇದು ಕಡಿಮೆ ಎಂಬುದು ನಿಜ. ಆದರೆ ಮೂರನೆಯ ವರ್ಷದಿಂದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಅನಿವಾಸಿಗಳ ಹೆಚ್ಚುವರಿ ಶುಲ್ಕವೊಂದೇ ವರ್ಷಕ್ಕೆ 30,000 ಡಾಲರ್ ಮೀರುತ್ತದೆ. ದಯವಿಟ್ಟು ನಾಲ್ಕೂ ವರ್ಷದ ಲೆಕ್ಕವನ್ನು ಒಟ್ಟಿಗೆ ಹಾಕಿದ ಮೇಲೆಯೇ ತೋಟದ ಮೇಲೆ ಸಾಲ ತೆಗೆಯುವ ಯೋಚನೆ ಮಾಡಿ. ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಐ-20 ಪತ್ರಕ್ಕೆ ಮೊದಲ ವರ್ಷದ ಖರ್ಚಿನ ಹಣ ತೋರಿಸಬೇಕಾಗುತ್ತದೆ. ಅದಕ್ಕೆ ತೋಟದ ಪಹಣಿ ಸಾಲದು, ಬ್ಯಾಂಕಿನ ಠೇವಣಿಯೋ ಮಂಜೂರಾದ ಶಿಕ್ಷಣ ಸಾಲದ ಪತ್ರವೋ ಬೇಕು. ಸೆಮಿಸ್ಟರಿನ ಶುಲ್ಕ ಕಟ್ಟುವ ಆಗಸ್ಟ್ ನಮ್ಮಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ, ಹೊಸ ಅಡಿಕೆಯ ದುಡ್ಡು ಬರುವ ಕಾಲವಲ್ಲ ಎಂಬುದೂ ಲೆಕ್ಕದಲ್ಲಿರಲಿ.

ಪ್ರಶ್ನೆ: ಮಗ ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಮೊದಲ ಸೆಮಿಸ್ಟರ್ ಓದುತ್ತಿದ್ದಾನೆ. 13 ಯೂನಿಟ್ ತೆಗೆದುಕೊಂಡಿದ್ದು, ರಸಾಯನಶಾಸ್ತ್ರ ಕಷ್ಟವೆಂದು ಅದನ್ನು ಬಿಡುತ್ತೇನೆ ಎನ್ನುತ್ತಾನೆ. ಬಿಡಬಹುದೇ?
– ಓದುಗರು, ಕಾರವಾರ

ಉತ್ತರ: ಕೇಳದೆ ಬಿಡಬಾರದು. ಪ್ರಯೋಗಾಲಯ ಸೇರಿದ ರಸಾಯನಶಾಸ್ತ್ರ ಸಾಮಾನ್ಯವಾಗಿ ನಾಲ್ಕೈದು ಯೂನಿಟ್‌ನದು; ಅದನ್ನು ಬಿಟ್ಟರೆ ಅವನು 12ರ ಕೆಳಗೆ ಇಳಿಯುತ್ತಾನೆ, ಅನುಮತಿಯಿಲ್ಲದೆ ಹಾಗಾದರೆ ಎಫ್-1 ಸ್ಥಾನಮಾನವೇ ಹೋಗುತ್ತದೆ. ಆರಂಭದಲ್ಲಿ ಇಂಗ್ಲಿಷ್‌ನಿಂದಲೋ ಅಲ್ಲಿಯ ಬೋಧನಾ ಕ್ರಮದಿಂದಲೋ ತೊಡಕಾದ ವಿದ್ಯಾರ್ಥಿಗೆ ಕಡಿಮೆ ಯೂನಿಟ್ ಓದಲು ಅನುಮತಿ ಕೊಡುವ ಅವಕಾಶವಿದೆ. ಆದರೆ ಆಗಲೂ ಕನಿಷ್ಠ 6 ಯೂನಿಟ್ ಓದಲೇಬೇಕು, ಮತ್ತು ಒಂದು ಹಂತದ ಪದವಿಗೆ ಅದು ಒಮ್ಮೆ ಮಾತ್ರ ಸಿಗುತ್ತದೆ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಡಿಎಸ್ಒ ಎಂಬ ಅಧಿಕಾರಿ ಇರುತ್ತಾರೆ. ಅನುಮತಿ ಕೊಡುವವರು ಅವರೇ. ಅದಕ್ಕೂ ಮುನ್ನ ಅವನು ರಸಾಯನಶಾಸ್ತ್ರದ ಅಧ್ಯಾಪಕರನ್ನು ಅವರ ಕಚೇರಿ ವೇಳೆಯಲ್ಲಿ ಕಂಡು, ಕಾಲೇಜಿನ ಟ್ಯೂಟರಿಂಗ್ ಕೇಂದ್ರಕ್ಕೂ ಹೋಗಿ ನೋಡಲಿ. ಎರಡಕ್ಕೂ ಪ್ರತ್ಯೇಕ ಶುಲ್ಕ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಮಕ್ಕಳು ಅಧ್ಯಾಪಕರ ಕೋಣೆಯ ಬಾಗಿಲು ತಟ್ಟಲು ಸಂಕೋಚಪಡುತ್ತಾರೆ. ಫೋನಿನಲ್ಲಿ ನೀವೇ ಧೈರ್ಯ ಹೇಳಿ, ಈ ವಾರವೇ ಹೋಗುವಂತೆ ಮಾಡಿ.